ಲೆನಾರ್ಡ್ ಕೋಹೆನ್ ಅವರ ಕೊನೆಯ ಹಾಡುಗಳು ಮತ್ತು ಸಲ್ಲೇಖನದ ಒಳಮುಖ



ಸಮಾಜಬಾಂಧವರೆ, ಸ್ವಾಧ್ಯಾಯಕ್ಕೆಂದು ಕೂಡಿದ ಸಭೆಯಲ್ಲಿ ಕೆನಡಾ ದೇಶದ ಒಬ್ಬ ಯೆಹೂದಿ ಹಾಡುಗಾರರ ಪ್ರಸ್ತಾಪ ಏಕೆ ಎಂಬ ಪ್ರಶ್ನೆ ಹಿರಿಯರ ಮನಸ್ಸಿನಲ್ಲಿ ಏಳುವುದು ಸಹಜ. ಲೆನಾರ್ಡ್ ಕೋಹೆನ್ ಅವರ 'ಹಲ್ಲೆಲೂಯ' ಎಂಬ ಹಾಡನ್ನು ಇಲ್ಲಿನ ಕಿರಿಯರಲ್ಲಿ ಬಹುಮಂದಿ ಕೇಳಿರುತ್ತಾರೆ. ಇಂದಿನ ವಿಷಯ ಅದಲ್ಲ. 2016ರ ಅಕ್ಟೋಬರ್ 21ರಂದು ಅವರ 'ಯೂ ವಾಂಟ್ ಇಟ್ ಡಾರ್ಕರ್' ಎಂಬ ಹಾಡುಸಂಪುಟ ಹೊರಬಂದಿತು. ನವೆಂಬರ್ 7ರಂದು, ಹದಿನೇಳು ದಿನಗಳ ಬಳಿಕ, ಅವರು ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ ತೀರಿಕೊಂಡರು. ವಯಸ್ಸು 82. ಒಂಬತ್ತು ಹಾಡುಗಳ, ಮೂವತ್ತಾರು ನಿಮಿಷಗಳಷ್ಟರ ಆ ಸಂಪುಟವನ್ನು ಜೈನ ಕಿವಿಯಿಂದ ಕೇಳಿದರೆ ಒಂದು ವಿಚಿತ್ರ ಅನುಭವವಾಗುತ್ತದೆ. ಸಲ್ಲೇಖನ ಎಂಬ ಪದವನ್ನು ಬಹುಶಃ ಎಂದೂ ಬಳಸದ ಒಬ್ಬ ವ್ಯಕ್ತಿ, ಸಲ್ಲೇಖನದ ಎರಡು ಭಾಗಗಳಲ್ಲಿ ಕಠಿಣವಾದುದನ್ನು ಎಲ್ಲರಿಗೂ ಕೇಳಿಸುವಂತೆ ಅಭ್ಯಾಸ ಮಾಡುತ್ತಿರುವ ಅನುಭವ ಅದು.

ಶಾಸ್ತ್ರ ಬಲ್ಲವರಿಗೆ ಆ ಎರಡು ಭಾಗಗಳನ್ನು ಬಿಡಿಸಿ ಹೇಳಬೇಕಿಲ್ಲ. ಕಾಯವನ್ನು ಕೃಶಗೊಳಿಸುವುದು ಬಾಹ್ಯ ಸಲ್ಲೇಖನ. ಕಷಾಯವನ್ನು, ಅಂದರೆ ಕ್ರೋಧ ಮಾನ ಮಾಯೆ ಲೋಭಗಳನ್ನು, ಕೃಶಗೊಳಿಸುವುದು ಆಭ್ಯಂತರ ಸಲ್ಲೇಖನ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ದಿನಗಳಲ್ಲಿ ಎಣಿಸಲು ಬರುತ್ತದೆ, ಆದ್ದರಿಂದ ಸುದ್ದಿಯಾಗುತ್ತದೆ. ಎರಡನೆಯದಕ್ಕೆ ಸಾಕ್ಷಿ ಹುಡುಕುವುದು ಕಷ್ಟ. ಕೋಹೆನ್ ಅವರ ಈ ಸಂಪುಟ ಅಂತಹ ಒಂದು ಸಾಕ್ಷಿ.

ಅವರ ಹಿನ್ನೆಲೆ ಈ ಸಭೆಗೆ ಅಪರಿಚಿತವೆನಿಸದು. 1934ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದವರು. ಮನೆತನದ್ದು ಬಟ್ಟೆಯ ವ್ಯಾಪಾರ. ತಂದೆಯ ತಂದೆ ಊರಿನ ಶಾರ್ ಹಶೊಮಾಯಿಮ್ ಎಂಬ ಪ್ರಾರ್ಥನಾಮಂದಿರದ ಅಧ್ಯಕ್ಷರಾಗಿದ್ದವರು. ತಾಯಿಯ ತಂದೆ ಯೆಹೂದಿ ಶಾಸ್ತ್ರದಲ್ಲಿ ಪಂಡಿತರು. ವ್ಯಾಪಾರ, ಮಂದಿರದ ಆಡಳಿತ, ಮನೆಯಲ್ಲೊಬ್ಬ ಶಾಸ್ತ್ರಜ್ಞ. ಬೆಳಗಾವಿಯಿಂದಲೋ ಮೂಡುಬಿದಿರೆಯಿಂದಲೋ ಮುಂಬಯಿ ಪುಣೆಗಳಿಗೆ ಬಂದು ನೆಲೆಸಿದ ಎಷ್ಟೋ ಜೈನ ಕುಟುಂಬಗಳ ಚಿತ್ರವೂ ಇದೇ ತಾನೆ. ಬಾಲಕನಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಂದೆಯ ಒಂದು ಬೋ ಟೈಯನ್ನು ಬಿಚ್ಚಿ, ಅದರೊಳಗೆ ತಾನು ಬರೆದ ಚೀಟಿಯೊಂದನ್ನಿರಿಸಿ, ಮನೆಯ ತೋಟದಲ್ಲಿ ಹೂತುಬಿಟ್ಟುದನ್ನು ಕೋಹೆನ್ ತಮ್ಮ ಮೊದಲ ಬರವಣಿಗೆಯ ನೆನಪಾಗಿ ಹೇಳುತ್ತಿದ್ದರು. ಸಾವಿಗೆಂದು ಬರೆದುದರಿಂದಲೇ ಅವರ ಬರವಣಿಗೆ ಆರಂಭವಾಯಿತು.

ಮುಂದೆ ಕವಿತೆ, ಕಾದಂಬರಿ, ಹಾಡು, ಕೀರ್ತಿ, ಹೆಂಗಸರು, ಮದ್ಯ, ದೀರ್ಘಕಾಲದ ಖಿನ್ನತೆ ಎಲ್ಲವೂ ಆದವು. ಅದರ ವಿವರ ಇಲ್ಲಿ ಬೇಡ. ಅರುವತ್ತರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಮೌಂಟ್ ಬಾಲ್ಡಿ ಎಂಬ ಪರ್ವತದ ಮೇಲಿನ ಜೆನ್ ಬೌದ್ಧ ಆಶ್ರಮವನ್ನು ಸೇರಿ, ಅಲ್ಲಿ ಗುರುವಿನ ಸೇವೆ ಮಾಡಿಕೊಂಡಿದ್ದು, 1996ರಲ್ಲಿ ಭಿಕ್ಷುದೀಕ್ಷೆಯನ್ನೂ ಪಡೆದರು. 1999ರಲ್ಲಿ ಬೆಟ್ಟ ಇಳಿದು ಬಂದ ಮೇಲೆ ಅವರು ಹೋದದ್ದು ಎಲ್ಲಿಗೆಂದರೆ, ಮುಂಬಯಿಗೆ. ಕೆಂಪ್ಸ್ ಕಾರ್ನರಿನ ಸಾಧಾರಣ ಹೋಟೆಲೊಂದರಲ್ಲಿ ಉಳಿದುಕೊಂಡು, ಬ್ಯಾಂಕ್ ಆಫ್ ಇಂಡಿಯಾದ ಉನ್ನತ ಹುದ್ದೆಯಿಂದ ನಿವೃತ್ತರಾಗಿದ್ದ ರಮೇಶ ಬಾಲ್ಸೇಕರ್ ಅವರ ಮನೆಯಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದ ಅದ್ವೈತದ ಮಾತುಕತೆಗೆ ತಿಂಗಳುಗಟ್ಟಲೆ ಹೋಗುತ್ತಿದ್ದರು. ಅದೇ ರಸ್ತೆಗಳಲ್ಲಿ ಓಡಾಡಿದ ಮುಂಬಯಿ ಕನ್ನಡಿಗರು ಇಲ್ಲಿ ಇದ್ದಾರು. ನಡೆಯುವುದೆಲ್ಲ ನಡೆಯಬೇಕಾದಂತೆಯೇ ನಡೆಯುತ್ತದೆ, ಮಾಡುವವನು ಎಂಬವನೇ ಇಲ್ಲ ಎಂಬುದು ಬಾಲ್ಸೇಕರ್ ಅವರ ಬೋಧೆಯ ತಿರುಳು. ಪುರುಷಾರ್ಥವನ್ನು ಒಪ್ಪುವ ಜೈನನಿಗೆ ಇದು ನಿಯತಿವಾದವಾಗಿ ಕೇಳಿಸುತ್ತದೆ, ಒಪ್ಪಿಗೆಯಾಗದು. ಆದರೆ ಅದೇ ಕಾಲದಲ್ಲಿ ತಮ್ಮ ದಶಕಗಳ ಖಿನ್ನತೆ ಮೋಡ ಸರಿದಂತೆ ಸರಿಯಿತೆಂದು ಕೋಹೆನ್ ಹೇಳಿಕೊಂಡಿದ್ದಾರೆ. ಇಷ್ಟೆಲ್ಲ ಸುತ್ತಿದರೂ ತಮ್ಮ ಯೆಹೂದಿ ಧರ್ಮವನ್ನು ಅವರು ಬಿಡಲಿಲ್ಲ. ಹೊರಗಿನದನ್ನು ಕಲಿಯುವುದಕ್ಕೂ ತನ್ನದನ್ನು ತೊರೆಯುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಬಸದಿಯ ಹೊರಗೆ ಕಾಲಿಟ್ಟ ಮಕ್ಕಳ ಬಗ್ಗೆ ಕಳವಳಪಡುವವರು ಗಮನಿಸಬಹುದು.

ಪರಿಗ್ರಹದ ಪಾಠವೂ ಆಯಿತು. ಬೆಟ್ಟದಿಂದ ಇಳಿದು ಬಂದ ಕೆಲವು ವರ್ಷಗಳಲ್ಲಿ, ವೃದ್ಧಾಪ್ಯಕ್ಕೆಂದು ಕೂಡಿಟ್ಟ ಹಣ ಬಹುಪಾಲು ಕರಗಿಹೋಗಿರುವುದು ತಿಳಿಯಿತು. ವ್ಯವಹಾರ ನೋಡಿಕೊಳ್ಳಲು ನಂಬಿಕೆಯಿಂದ ಒಪ್ಪಿಸಿದ್ದವರ ಮೇಲೆ ಮೊಕದ್ದಮೆ ಹೂಡಿ 2006ರಲ್ಲಿ ತಮ್ಮ ಪರವಾದ ತೀರ್ಪನ್ನೂ ಪಡೆದರು; ಹಣ ಮರಳುವ ಲಕ್ಷಣ ಮಾತ್ರ ಇರಲಿಲ್ಲ. (ತೀರ್ಪು ಬೇರೆ, ವಸೂಲಿ ಬೇರೆ ಎಂಬುದು ವ್ಯಾಪಾರಿಗಳ ಸಭೆಗೆ ಹೇಳಬೇಕಾದ ಸಂಗತಿಯಲ್ಲ.) 2008ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಮತ್ತೆ ವೇದಿಕೆ ಹತ್ತಿ 2013ರವರೆಗೆ ದೇಶದೇಶಗಳಲ್ಲಿ ಹಾಡಿ ನಷ್ಟವನ್ನು ತುಂಬಿಕೊಂಡರು. ಕೋಪವನ್ನು ದೀರ್ಘವಾಗಿ ಕಟ್ಟಿಕೊಂಡು ಕುಳಿತಿದ್ದರೆ ಈ ಕೊನೆಯ ಸಂಪುಟದ ದನಿ ಸಿದ್ಧವಾಗುತ್ತಿರಲಿಲ್ಲವೆಂದೇ ತೋರುತ್ತದೆ.

ಆ ದನಿ ದಾಖಲಾದ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2016ರ ವೇಳೆಗೆ ಅವರ ಬೆನ್ನುಮೂಳೆಗಳು ಬಿರುಕು ಬಿಟ್ಟಿದ್ದವು, ಜೊತೆಗೆ ಕ್ಯಾನ್ಸರ್. ಸ್ಟುಡಿಯೋಗೆ ಹೋಗುವುದಿರಲಿ, ಮನೆಯ ಮೆಟ್ಟಿಲಿಳಿಯುವುದೇ ಸಾಹಸ. ಅರ್ಧಕ್ಕೆ ನಿಂತಿದ್ದ ಕೆಲಸವನ್ನು ಮಗ ಆಡಮ್ ಕೈಗೆತ್ತಿಕೊಂಡರು. ಬೆನ್ನಿಗೆ ಆಧಾರ ಕೊಡುವ ವೈದ್ಯಕೀಯ ಕುರ್ಚಿಯೊಂದನ್ನು ತರಿಸಿ, ಮನೆಯ ಹಜಾರವನ್ನೇ ಸ್ಟುಡಿಯೋ ಮಾಡಿ, ತಂದೆಯ ಎದುರಿಗೆ ಮೈಕ್ರೊಫೋನ್ ಇರಿಸಿದರು. ವಾದ್ಯಗಾರರು ತಮ್ಮ ತಮ್ಮ ಊರುಗಳಲ್ಲಿ ನುಡಿಸಿ ಇಮೇಲಿನಲ್ಲಿ ಕಳುಹಿಸಿದರು. ಮಾಂಟ್ರಿಯಲ್‌ನ ಅದೇ ಮಂದಿರದ, ಅಜ್ಜ ಅಧ್ಯಕ್ಷರಾಗಿದ್ದ ಮಂದಿರದ, ಪ್ರಾರ್ಥನಾಗಾಯಕ ಗಿಡಿಯನ್ ಝೆಲರ್ಮೈಯರ್ ಮತ್ತು ಅಲ್ಲಿನ ಪುರುಷರ ಮೇಳ ಶೀರ್ಷಿಕೆಯ ಹಾಡಿಗೆ ದನಿಗೂಡಿಸಿತು. ಬಾಲ್ಯದಲ್ಲಿ ಕಿವಿಗೆ ಬಿದ್ದ ಸ್ವರಗಳ ನಡುವೆಯೇ ಮುದುಕನ ದನಿ ಕುಳಿತಿದೆ. ಅದನ್ನು ಹಾಡು ಎನ್ನುವುದಕ್ಕಿಂತ ಮಾತು ಎನ್ನುವುದೇ ಸರಿ. ಹೊಟ್ಟೆಯ ಆಳದಿಂದ ಬರುವ, ಉಸಿರು ಕೇಳಿಸುವ ಮಾತು.

ಶೀರ್ಷಿಕೆಯ ಹಾಡು ದೇವರೊಂದಿಗಿನ ವಾದ. ಲೋಕ ಇಷ್ಟು ಕತ್ತಲಾಗಿರುವುದು ನಿನ್ನ ಇಚ್ಛೆಯೇ ಎಂದು ಸೃಷ್ಟಿಕರ್ತನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಧಾಟಿ. ಅದರ ಮಾತುಗಳಲ್ಲಿ ಯೆಹೂದಿಗಳು ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಯ ಪ್ರತಿಧ್ವನಿ ಇದೆ. ಆ ಪ್ರಾರ್ಥನೆಯ ವಿಶೇಷವೆಂದರೆ ಅದರಲ್ಲಿ ಸಾವಿನ ಹೆಸರೇ ಇಲ್ಲ, ಭಗವನ್ನಾಮದ ಮಹಿಮೆ ಮಾತ್ರ ಇದೆ. ವ್ಯಕ್ತಿಯ ಹೆಸರಿಲ್ಲದ, ಏನನ್ನೂ ಬೇಡದ ಪಂಚನಮಸ್ಕಾರ ಮಂತ್ರವನ್ನು ಮರಣಶಯ್ಯೆಯ ಪಕ್ಕದಲ್ಲಿ ಹೇಳಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಾಡಿನ ಹೃದಯದಲ್ಲಿರುವುದು 'ಹಿನೇನಿ' ಎಂಬ ಹೀಬ್ರೂ ಪದ. ಮಗನನ್ನು ಬಲಿ ಕೊಡೆಂದು ಕರೆ ಬಂದಾಗ ಅಬ್ರಹಾಮನು ಕೊಟ್ಟ ಉತ್ತರ ಅದು. ಇಗೋ ಇಲ್ಲಿದ್ದೇನೆ ಎಂಬ ಅರ್ಥ. 1969ರಷ್ಟು ಹಿಂದೆಯೇ ಕೋಹೆನ್ ಇದೇ ಕಥೆಯ ಮೇಲೆ 'ಸ್ಟೋರಿ ಆಫ್ ಐಸಾಕ್' ಎಂಬ ಹಾಡು ಕಟ್ಟಿದ್ದರು. ಅಲ್ಲಿ ಮಾತಾಡುವವನು ಬಲಿಪೀಠಕ್ಕೆ ಹೊರಟ ಒಂಬತ್ತು ವರ್ಷದ ಮಗ. ಐವತ್ತು ವರ್ಷಗಳು ಸಮೀಪಿಸುವಾಗ ಅವರು ತಂದೆಯ ಮಾತನ್ನು ತಮ್ಮದಾಗಿಸಿಕೊಂಡರು, ಎದುರಿಗೆ ಸ್ವಂತ ಮಗ ಯಂತ್ರದ ಮುಂದೆ ಕುಳಿತಿರುವಾಗ.

ಜೈನ ಕೇಳುಗ ಇಲ್ಲಿ ಅವಸರದ ಒಂದು ಉತ್ತರವನ್ನು ಕೊಟ್ಟುಬಿಡುವ ಅಪಾಯವಿದೆ. ಸೃಷ್ಟಿಕರ್ತನನ್ನು ಒಪ್ಪದ ದರ್ಶನದಲ್ಲಿ ಈ ವಾದಕ್ಕೆ ಆಸ್ಪದವೇ ಇಲ್ಲ, ಎಲ್ಲವೂ ಸ್ವಯಂಕೃತ ಕರ್ಮದ ಉದಯ, ಬಯ್ಯಲು ಯಾರೂ ಇಲ್ಲ ಎಂಬ ಉತ್ತರ. ತತ್ತ್ವದಲ್ಲಿ ಅದು ಸರಿಯೇ. ಆದರೆ ನೋವಿನ ಹಾಸಿಗೆಯಲ್ಲಿ ಮಲಗಿದ ಅಜ್ಜಿಗೆ, ಇದು ನಿಮ್ಮ ಪೂರ್ವಕರ್ಮ ಎಂದು ಸಮಾಧಾನ ಹೇಳಲು ಬಂದವರು ಅದೆಷ್ಟು ಮಂದಿ! ಅಶರಣ ಭಾವನೆ ಎಂಬುದು ತನ್ನ ಬಗ್ಗೆ ತಾನು ಚಿಂತಿಸಬೇಕಾದ ಅನುಪ್ರೇಕ್ಷೆ. ಪಕ್ಕದವರ ಬಾಯಿ ಮುಚ್ಚಿಸುವ ಉಪಾಯವಲ್ಲ. ಕೋಹೆನ್ ಅವರ ಹಾಡಿನಲ್ಲಿ ದೂರೂ ಇದೆ, ಸಿದ್ಧತೆಯೂ ಇದೆ. ದೂರನ್ನು ಪೂರ್ತಿ ಹೇಳಿ ಮುಗಿಸಿದುದರಿಂದಲೇ ಸಿದ್ಧತೆ ಬಂದಿತೆಂದು ಕೇಳುವವರಿಗೆ ಅನ್ನಿಸುತ್ತದೆ. ಜೈನ ಶಾಸ್ತ್ರದಲ್ಲಿ ಇದಕ್ಕೆ ಸಮಾನವಾದ ಹೆಜ್ಜೆ ಇಲ್ಲವೇ? ಇದೆ, ಅದರ ಹೆಸರು ಆಲೋಚನಾ. ಕಪಟವಿಲ್ಲದೆ ಎಲ್ಲವನ್ನೂ ಹೇಳಿಕೊಳ್ಳುವುದು. ಅಲ್ಲಿ ದೂರು ಇರುವುದು ದೇವರ ಮೇಲಲ್ಲ, ತನ್ನ ಮೇಲೆ, ಅಷ್ಟೇ ಅಂತರ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ವಿಧಿ ಬರುತ್ತದೆ. ಅದರ ಅನುಕ್ರಮವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಮೊದಲು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಡುವುದು. ಆಮೇಲೆ ಸ್ವಜನರನ್ನೂ ಪರಿಜನರನ್ನೂ, ಎಂದರೆ ಮನೆಯ ಆಳುಕಾಳುಗಳನ್ನೂ, ಒಳ್ಳೆಯ ಮಾತುಗಳಿಂದ ಕ್ಷಮಿಸಿ ತಾನೂ ಕ್ಷಮೆ ಬೇಡುವುದು. ಆಮೇಲೆ ಆಲೋಚನಾ. ಆಮೇಲೆ ಶೋಕ, ಭಯ, ವಿಷಾದಗಳನ್ನು ಬಿಟ್ಟು ಶ್ರುತದಿಂದ ಮನಸ್ಸನ್ನು ಪ್ರಸನ್ನಗೊಳಿಸುವುದು. ಅನ್ನದ ಮಾತು ಬರುವುದು ಇದೆಲ್ಲ ಆದ ನಂತರ! ಗಟ್ಟಿ ಆಹಾರದಿಂದ ದ್ರವಾಹಾರಕ್ಕೆ, ಅದರಿಂದ ನೀರಿಗೆ, ಆಮೇಲೆ ಉಪವಾಸಕ್ಕೆ, ಶಕ್ತಿಯನ್ನು ನೋಡಿಕೊಂಡು. ಅದೇ ಸಮಂತಭದ್ರರ ಬಗ್ಗೆ ಒಂದು ಕಥೆಯೂ ಇದೆ: ಭಸ್ಮಕ ರೋಗದಿಂದ ಬಳಲಿ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿದರಂತೆ, ಮಾಡಬೇಕಾದ ಕಾರ್ಯ ಇನ್ನೂ ಉಳಿದಿದೆ ಎಂಬ ಕಾರಣಕ್ಕೆ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾ ವ್ರತವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿ ತೀರ್ಪಿತ್ತಿತು. ಆಗಸ್ಟ್ 24ರಂದು ದೇಶದ ಊರೂರುಗಳಲ್ಲಿ ಜೈನರು ಮೌನ ಮೆರವಣಿಗೆ ಮಾಡಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಹೈಕೋರ್ಟಿನ ತೀರ್ಪು ತಪ್ಪು. ಕ್ರೋಧದಿಂದಲೋ ಹತಾಶೆಯಿಂದಲೋ ಮಾಡಿಕೊಳ್ಳುವ ಹತ್ಯೆಗೂ ಕಷಾಯವಿಲ್ಲದೆ ಬಿಡುವ ದೇಹಕ್ಕೂ ಇರುವ ಅಂತರವನ್ನು ಅದು ಕಾಣಲಿಲ್ಲ. ಆದರೆ ಆ ಅಂತರವನ್ನು ಕಾಣುವಂತೆ ಸಮಾಜವಾದರೂ ನಡೆದುಕೊಂಡಿತ್ತೇ ಎಂದು ಆ ಮೂರು ವಾರಗಳಲ್ಲಿ ಯಾರೂ ಕೇಳಲಿಲ್ಲ. ಉಪವಾಸದ ದಿನಗಳನ್ನು ಅಂಕಪಟ್ಟಿಯಂತೆ ಹಂಚುವುದು, ಪ್ರಾಣ ಹೋಗುವ ಮೊದಲೇ ಫ್ಲೆಕ್ಸಿಗೆ ಫೋಟೊ ಆರಿಸುವುದು, ಕೋಣೆಯ ಬಾಗಿಲಲ್ಲಿ ದರ್ಶನದ ಸಾಲು ನಿಲ್ಲಿಸುವುದು. ಇವುಗಳಲ್ಲಿ ಯಾವುದು ಸಮಂತಭದ್ರರ ಅನುಕ್ರಮದಲ್ಲಿದೆ? ವ್ರತ ಹಿಡಿದ ವೃದ್ಧೆ ಮನಸ್ಸು ಬದಲಿಸಿ ಒಂದು ಲೋಟ ಹಾಲು ಕೇಳಿದರೆ, ಮನೆಯವರಿಗೆ ಅದನ್ನು ಕೊಡುವ ಧೈರ್ಯ ಇರುವುದೇ? ನ್ಯಾಯಾಲಯಕ್ಕೆ ಕೊಡಬೇಕಾದ ಉತ್ತರ ವಕೀಲರ ಕೆಲಸ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮನೆಯವರು, ಬಸದಿಯ ಮಂಡಳಿಗಳು.

ಮತ್ತೆ ಹಾಡುಗಳಿಗೆ ಬರೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನದ ಐದು ಅತಿಚಾರಗಳನ್ನು ಹೇಳುತ್ತಾರೆ. ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಸ್ನೇಹಿತರ ಮೇಲಿನ ಅನುರಾಗ, ಉಂಡ ಸುಖಗಳ ಮೆಲುಕು, ಮತ್ತು ನಿದಾನ, ಅಂದರೆ ಇದಕ್ಕೆ ಪ್ರತಿಫಲ ಬೇಕೆಂಬ ಹಂಬಲ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರ. ಅದು ಎಷ್ಟು ಸೂಕ್ಷ್ಮವಾದ ಮನಶ್ಶಾಸ್ತ್ರ ಎಂಬುದು ಈ ಸಂಪುಟವನ್ನು ಕೇಳುವಾಗ ಹೊಸದಾಗಿ ಹೊಳೆಯುತ್ತದೆ. ಕೋಹೆನ್ ಈ ಐದನ್ನೂ ಮೀರಿದವರಲ್ಲ. ಐದರಲ್ಲೂ ಎಡವುತ್ತಾರೆ, ಎಡವಿದ್ದು ತಮಗೆ ತಿಳಿಯುತ್ತದೆ, ಅದನ್ನು ಮುಚ್ಚಿಡದೆ ಹಾಡುತ್ತಾರೆ.

ಮೊದಲ ಎರಡನ್ನು ಒಂದು ಘಟನೆಯಲ್ಲಿಯೇ ಕಾಣಬಹುದು. ಸಂಪುಟ ಹೊರಬರುವ ಮುನ್ನ 'ನ್ಯೂಯಾರ್ಕರ್' ಪತ್ರಿಕೆಯ ಡೇವಿಡ್ ರೆಮ್ನಿಕ್ ಅವರ ಬಳಿ ತಾವು ಸಾಯಲು ಸಿದ್ಧರಾಗಿರುವುದಾಗಿ ಹೇಳಿದ್ದರು. ಅದು ಲೋಕವೆಲ್ಲ ಸುದ್ದಿಯಾಯಿತು. ಅಕ್ಟೋಬರ್ 13ರಂದು ಪತ್ರಕರ್ತರ ಮುಂದೆ ಕುಳಿತಾಗ, ತಾವು ಸ್ವಲ್ಪ ಅತಿಯಾಗಿ ಆಡಿದೆವೆಂದೂ ಇನ್ನು ಎಂದೆಂದಿಗೂ ಬದುಕುವ ಉದ್ದೇಶವಿದೆಯೆಂದೂ ನಗಿಸಿದರು. ಅದಾಗಿ ನಾಲ್ಕು ವಾರ ತುಂಬುವುದರೊಳಗೆ ಹೋಗಿಬಿಟ್ಟರು. ಜೀವಿತಾಶಂಸೆಯೂ ಮರಣಾಶಂಸೆಯೂ ನಗೆಯ ಒಂದೇ ಎಳೆಯಲ್ಲಿ ಸಮವಾಗಿ ತೂಗಿದಂತಿದೆ. ಸಾಯುವ ಆಸೆಯನ್ನೂ ಬದುಕುವ ಆಸೆಯ ಪಕ್ಕದಲ್ಲೇ ಅತಿಚಾರವೆಂದು ಎಣಿಸಿದ ಸೂತ್ರಕಾರರಿಗೆ ಈ ನಗೆ ಅರ್ಥವಾಗುತ್ತಿತ್ತು.

'ಲೀವಿಂಗ್ ದ ಟೇಬಲ್' ಎಂಬ ಹಾಡಿನಲ್ಲಿ ಮೇಜು ಎಂದರೆ ಊಟದ ಮೇಜೂ ಹೌದು, ಜೂಜಿನ ಮೇಜೂ ಹೌದು. ಆಟ ಬಿಟ್ಟು ಏಳುವವನ ಹಾಡು. ಅದರಲ್ಲಿ ಗೆದ್ದ ಸಂತೋಷವೂ ಸೋತ ಕಹಿಯೂ ಇಲ್ಲ. ಅದರ ಹಿಂದಿನ 'ಆನ್ ದ ಲೆವೆಲ್' ಬೇರೆ ಬಗೆಯದು. ಮೋಹವೊಂದು ಎದುರಾದಾಗ ಈ ಬಾರಿ ತಿರುಗಿ ನಡೆದುಬಿಟ್ಟ ಮುದುಕ, ತಿರುಗಿ ನಡೆದದ್ದಕ್ಕೆ ಕೊಂಚ ಹೊಟ್ಟೆಯುರಿಯನ್ನೂ ಪಟ್ಟುಕೊಳ್ಳುತ್ತಾನೆ. ಇದು ಸುಖಾನುಬಂಧ. ಆಡಂಬರದ ವೈರಾಗ್ಯವನ್ನು ಕಂಡು ಬೇಸತ್ತವರಿಗೆ ಈ ಪ್ರಾಮಾಣಿಕತೆ ತಂಪೆನಿಸುತ್ತದೆ; ಬಿಟ್ಟದ್ದು ಸಿಹಿಯಾಗಿಯೇ ಇತ್ತು ಎಂದು ಒಪ್ಪಿಕೊಳ್ಳುವ ತ್ಯಾಗವೇ ನಂಬಲು ಯೋಗ್ಯವಾದುದು.

ಮಿತ್ರಾನುರಾಗದ ಸಂಗತಿ ಹಾಡಿನಾಚೆಯೂ ಇದೆ. ಯೌವನದಲ್ಲಿ ಗ್ರೀಸ್ ದೇಶದ ಹೈಡ್ರಾ ದ್ವೀಪದಲ್ಲಿ ಕೋಹೆನ್ ಅವರ ಸಂಗಾತಿಯಾಗಿದ್ದ ನಾರ್ವೆಯ ಮರಿಯಾನ್ ಇಹ್ಲೆನ್, 2016ರ ಜುಲೈಯಲ್ಲಿ ಮರಣಶಯ್ಯೆಯಲ್ಲಿದ್ದರು. ಸುದ್ದಿ ತಿಳಿದ ಕೂಡಲೇ ಕೋಹೆನ್ ಒಂದು ಸಣ್ಣ ಪತ್ರ ಬರೆದರು. ತಾನೂ ಹಿಂದೆಯೇ ಬರುತ್ತಿರುವುದಾಗಿ ಹೇಳಿ, ಸುಖಪ್ರಯಾಣ ಕೋರಿದ ಪತ್ರ. ಸ್ನೇಹಿತರು ಅದನ್ನು ಅವರ ಹಾಸಿಗೆಯ ಬಳಿ ಓದಿ ಹೇಳಿದರು. ಜುಲೈ 28ರಂದು ಆಕೆ ತೀರಿಕೊಂಡರು. ಸಂಪುಟದ 'ಟ್ರಾವೆಲಿಂಗ್ ಲೈಟ್' ಎಂಬ ಬೀಳ್ಕೊಡುಗೆಯ ಹಾಡಿನಲ್ಲಿ ಗ್ರೀಸಿನ ವಾದ್ಯದ ಛಾಯೆ ಇರುವುದನ್ನು ಬಲ್ಲವರು ಆ ದ್ವೀಪವನ್ನು ನೆನೆಯದಿರಲಾರರು. ಹಗುರವಾಗಿ ಹೊರಟಿದ್ದೇನೆ ಎಂಬ ಭಾವದ ಶೀರ್ಷಿಕೆ, ಆದರೆ ಹೊರೆ ಇನ್ನೂ ಪೂರ್ತಿ ಇಳಿದಿಲ್ಲವೆಂದು ದನಿ ಹೇಳುತ್ತದೆ. ಶಾಸ್ತ್ರದ ದೃಷ್ಟಿಯಲ್ಲಿ ಇದು ಅತಿಚಾರವೇ. ಆದರೂ ಅರ್ಧ ಶತಮಾನದ ಹಿಂದಿನ ಋಣವನ್ನು ಮರೆಯದೆ, ಸಾಯುತ್ತಿರುವವಳಿಗೆ ಒಂದು ಮಾತು ಕಳುಹಿಸಿದ ಕ್ರಿಯೆ ಕ್ಷಮಾವಣಿಯ ದಿನ ವಾಟ್ಸಾಪಿನಲ್ಲಿ ನೂರು ಮಂದಿಗೆ ಒಮ್ಮೆಲೇ ಕಳುಹಿಸುವ ಬಣ್ಣದ ಕಾರ್ಡಿಗಿಂತ ಉತ್ತಮ ಕ್ಷಮೆಗೆ ಹತ್ತಿರವಾದುದು.

ನಿದಾನದ ಬಗ್ಗೆ 'ಟ್ರೀಟಿ' ಇದೆ. ಟ್ರೀಟಿ ಎಂದರೆ ಸಂಧಿಪತ್ರ. ಇಬ್ಬರ ಪ್ರೀತಿಗಳ ನಡುವೆ ಒಂದು ಒಡಂಬಡಿಕೆ ಆಗಬಾರದಿತ್ತೇ ಎಂಬ ಹಂಬಲ ಅದು. ಎದುರಿಗಿರುವುದು ದೇವರೋ ಹೆಣ್ಣೋ ಕೊನೆಯವರೆಗೂ ಸ್ಪಷ್ಟವಾಗುವುದಿಲ್ಲ. ಯುದ್ಧ ಸಾಕಾಗಿದೆ, ಕರಾರಿಗೆ ಸಹಿ ಹಾಕುವವರು ಮಾತ್ರ ಎದುರಿಗಿಲ್ಲ. ಲೆಕ್ಕ ಚುಕ್ತಾ ಆಗಿ ಎರಡೂ ಕಡೆಯವರು ಸಹಿ ಹಾಕಿದ ಮೇಲೆಯೇ ಏಳುತ್ತೇನೆ ಎನ್ನುವುದು ವ್ಯಾಪಾರಿಯ ಮನಸ್ಸು. ಚುಕ್ತಾ ಆಗದ ಲೆಕ್ಕವನ್ನು ಹಾಗೆಯೇ ಬಿಟ್ಟು ಏಳಬೇಕಾಗುತ್ತದೆ ಎಂಬ ಅರಿವು ಈ ಹಾಡಿನಲ್ಲಿದೆ, ಮತ್ತು ಅದು ನೋಯಿಸುತ್ತದೆ.

ಇಂತಹ ಹಾಡುಗಳು ಕನ್ನಡಕ್ಕೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಕನ್ನಡದ ಅತಿ ಹಳೆಯ ಕವಿತೆಗಳಲ್ಲಿ ಕೆಲವು ಇವೆ, ಅವೆಲ್ಲ ಸಾವಿನ ಕವಿತೆಗಳು. ಸುಮಾರು ಏಳನೆಯ ಶತಮಾನದ ನಂದಿಸೇನ ಮುನಿಯ ನಿಷಿಧಿ ಶಾಸನದಲ್ಲಿ ರೂಪ ಐಶ್ವರ್ಯಗಳನ್ನು ಮಳೆಬಿಲ್ಲಿಗೆ, ಮಿಂಚಿಗೆ, ಮಂಜಿಗೆ ಹೋಲಿಸಿದ ಪದ್ಯವನ್ನು ಕಾಲೇಜಿನಲ್ಲಿ ಕನ್ನಡ ಓದಿದವರು ಬಲ್ಲರು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳೂ ಕೊನೆಗೆ ಸೇರುವುದು ಸಮಾಧಿಮರಣಕ್ಕೇ. ಒಂದು ವ್ಯತ್ಯಾಸವಿದೆ. ಬಂಡೆಯ ಮೇಲೆ ಬರೆದವರು ಉಳಿದವರು. ಹೋದವರ ಮಾತು ಅಲ್ಲಿಲ್ಲ. ಹೋಗುತ್ತಿರುವವರ ದನಿಯನ್ನೇ ಉಳಿಸುವ ಸೌಲಭ್ಯ ಆ ಕಾಲಕ್ಕಿರಲಿಲ್ಲ, ಈ ಕಾಲಕ್ಕಿದೆ.

ಇಲ್ಲಿಯೇ ಆಡಮ್ ಅವರ ಕುರ್ಚಿ ಮತ್ತು ಮೈಕ್ರೊಫೋನ್ ಮುಖ್ಯವಾಗುತ್ತವೆ. ಭಗವತೀ ಆರಾಧನೆಯು ಸಮಾಧಿಗೆ ಸಿದ್ಧನಾದ ಕ್ಷಪಕನಿಗೆ ನಿರ್ಯಾಪಕರು ಬೇಕೆನ್ನುತ್ತದೆ. ಉತ್ಕೃಷ್ಟವಾಗಿ ನಲವತ್ತೆಂಟು ಮಂದಿ, ಕನಿಷ್ಠ ಇಬ್ಬರು. ಹೊರಳಿಸಿ ಮಲಗಿಸುವವರು ಕೆಲವರು, ಧರ್ಮಕಥೆ ಹೇಳುವವರು ಕೆಲವರು, ಬಾಗಿಲಲ್ಲಿ ನಿಂತು ಜನಜಂಗುಳಿಯನ್ನು ತಡೆಯುವವರು ಕೆಲವರು. ಒಬ್ಬಂಟಿಯಾಗಿ ಮಾಡುವ ವೀರಕೃತ್ಯ ಇದಲ್ಲವೆಂದು ಶಾಸ್ತ್ರ ಇಷ್ಟು ಸ್ಪಷ್ಟವಾಗಿ ಹೇಳಿರುವಾಗ, ಮುಲುಂಡ್, ಚಿಂಚವಾಡ, ಸಿಕಂದರಾಬಾದ್‌ಗಳ ಎರಡು ಕೋಣೆಗಳ ಮನೆಯಲ್ಲಿರುವ ಹಿರಿಯರಿಗೆ ನಿರ್ಯಾಪಕರು ಯಾರು? ಮುನಿಸಂಘ ದೂರ. ಮಕ್ಕಳಿಗೆ ಕೆಲಸ. ಉಸಿರು ಏರುಪೇರಾದ ರಾತ್ರಿ ಆಂಬ್ಯುಲೆನ್ಸ್ ಬರುತ್ತದೆ, ಐಸಿಯುವಿನ ಬಾಗಿಲು ಮುಚ್ಚುತ್ತದೆ, ಗಂಟಲಿಗೆ ನಳಿಗೆ ಇಳಿದ ಮೇಲೆ ಆ ಬಾಯಿ ಮತ್ತೆ ಮಾತಾಡುವುದಿಲ್ಲ. ಪ್ರತಿದಿನ ಬೆಳಿಗ್ಗೆ ಸಮಾಧಿಮರಣವಾಗಲಿ ಎಂದು ಎಪ್ಪತ್ತು ವರ್ಷ ಬೇಡಿಕೊಂಡ ಶ್ರಾವಿಕೆಗೆ ಕೊನೆಯಲ್ಲಿ ನಿಮಗೇನು ಬೇಕು ಎಂದು ಒಬ್ಬರಾದರೂ ಕೇಳಿರುವುದಿಲ್ಲ. ಪ್ರೀತಿಯ ಕೊರತೆಯಿಂದಲ್ಲ, ಕೇಳುವುದೇ ಅಮಂಗಳ ಎಂಬ ಅಂಜಿಕೆಯಿಂದ.

ಕಾನೂನು ಈಗ ಅಷ್ಟು ದೂರದಲ್ಲಿಲ್ಲ. 2018ರ ಮಾರ್ಚ್ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಯಂತ್ರಗಳ ಮೂಲಕ ಜೀವ ಎಳೆಯುವುದು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2023ರ ಜನವರಿ 24ರ ಆದೇಶದಲ್ಲಿ ವಿಧಾನವನ್ನು ಸುಲಭಗೊಳಿಸಿತು. ಮ್ಯಾಜಿಸ್ಟ್ರೇಟರ ಸಹಿಯ ಬದಲು ಇಬ್ಬರು ಸಾಕ್ಷಿಗಳ ಎದುರಿನಲ್ಲಿ ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ದೃಢೀಕರಿಸಿದರೆ ಸಾಕು. ಇದು ಸಲ್ಲೇಖನವಲ್ಲ, ಅದಕ್ಕೆ ಬದಲಿಯೂ ಅಲ್ಲ. ಆದರೆ ಬರೆಯಬೇಕಾದರೆ ಅಪ್ಪ ಅಮ್ಮಂದಿರು ಮಕ್ಕಳ ಎದುರಿಗೆ ಕುಳಿತು ಮಾತಾಡಲೇಬೇಕು. ಫ್ಲ್ಯಾಟಿಗೆ ಉಯಿಲು, ಡಿಮ್ಯಾಟ್ ಖಾತೆಗೆ ನಾಮಿನಿ, ಲಾಕರಿಗೆ ಎರಡನೆಯ ಹೆಸರು. ಇವಕ್ಕೆಲ್ಲ ಭಾನುವಾರಗಳನ್ನು ಕೊಡುವ ಕುಟುಂಬಗಳು ಈ ಮಾತಿಗೂ ಒಂದು ಭಾನುವಾರವನ್ನು ಕೊಡಲಾರವೇ? ಬಸದಿಯ ಮಂಡಳಿಗಳು ಪಂಚಕಲ್ಯಾಣದ ಸವಾಲಿನಿಂದ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಮನೆಮನೆಗೆ ಹೋಗಿ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲ ನಾಲ್ಕು ಮಂದಿ ಶ್ರಾವಕ ಶ್ರಾವಿಕೆಯರನ್ನು ತಯಾರು ಮಾಡಲಾರವೇ? ವಿಗ್ರಹಕ್ಕೆ ಬೆಳ್ಳಿಯ ಪ್ರಭಾವಳಿ ಮಾಡಿಸಿದವರ ಹೆಸರು ಕಲ್ಲಿನಲ್ಲಿ ಕೆತ್ತಿಸಲ್ಪಡುತ್ತದೆ. ನಿರ್ಯಾಪಕರ ಹೆಸರನ್ನೂ ಕೆತ್ತಿಸುವುದಾದರೆ ಯಾರ ಆಕ್ಷೇಪವೂ ಇರಲಾರದು.

ಆಡಮ್ ತಂದೆಗೆ ಉಪದೇಶ ಮಾಡಲಿಲ್ಲ. ತಂದೆಯ ಕೊನೆಯ ಕೆಲಸ ಯಾವುದೆಂದು ಗುರುತಿಸಿ, ಅದು ನಡೆಯುವಂತೆ ಕುರ್ಚಿಯನ್ನು ಸರಿಹೊಂದಿಸಿದರು. ತಂದೆ ಹೋದ ಮೇಲೆ ಅರೆಬರೆಯಾಗಿ ಉಳಿದಿದ್ದ ದನಿಗಳನ್ನು ಜೋಡಿಸಿ 2019ರಲ್ಲಿ 'ಥ್ಯಾಂಕ್ಸ್ ಫಾರ್ ದ ಡ್ಯಾನ್ಸ್' ಎಂಬ ಇನ್ನೊಂದು ಸಂಪುಟವನ್ನೂ ಹೊರತಂದರು. ಕೋಹೆನ್ ಅವರ ದೇಹವನ್ನು ಮಾಂಟ್ರಿಯಲ್ಲಿಗೆ ಒಯ್ದು, ಅದೇ ಮಂದಿರದ ಸ್ಮಶಾನದಲ್ಲಿ, ಹಿರೀಕರ ಪಕ್ಕದಲ್ಲಿ, ಗದ್ದಲವಿಲ್ಲದೆ ಮಣ್ಣು ಮಾಡಿದರು. ಸುದ್ದಿ ಲೋಕಕ್ಕೆ ತಿಳಿಸಿದ್ದು ನವೆಂಬರ್ 10ರಂದು.

ಸಂಪುಟವನ್ನು ಕೇಳಬಯಸುವವರು ಹಾಡುಗಳನ್ನು ಬಿಡಿಬಿಡಿಯಾಗಿ ಕೇಳದೆ ಅನುಕ್ರಮವಾಗಿಯೇ ಕೇಳುವುದು ಒಳ್ಳೆಯದು. ಒಂಬತ್ತನೆಯದರಲ್ಲಿ 'ಟ್ರೀಟಿ'ಯ ರಾಗ ಮರಳಿ ಬರುತ್ತದೆ, ಈ ಬಾರಿ ತಂತಿವಾದ್ಯಗಳಲ್ಲಿ ಮಾತ್ರ. ಹಾಡುಗಾರ ಆಗಲೇ ಎದ್ದು ಹೋದನೆಂದು ಕೇಳುಗ ಒಪ್ಪಿಕೊಳ್ಳುವಷ್ಟು ಹೊತ್ತು ವಾದ್ಯಗಳು ನುಡಿಯುತ್ತವೆ. ಆಮೇಲೆ ಕೊನೆಯಲ್ಲಿ ಆ ದನಿ ಇನ್ನೊಮ್ಮೆ ಬಂದು, ಅದೇ ಸಂಧಿಪತ್ರದ ಮಾತನ್ನು ಕೆಲವೇ ಸಾಲುಗಳಷ್ಟು ಹೇಳಿ ನಿಲ್ಲುತ್ತದೆ. ಮನೆಯ ಹಿರಿಯರಿಗೆ ಇಂಗ್ಲಿಷ್ ಹಾಡು ಹಿಡಿಸದಿದ್ದರೆ ಬೇಡ. ಅವರಿಗೆ ಬರುವ ಹನ್ನೆರಡು ಭಾವನೆಗಳ ಪದ್ಯವೋ, ತವರಿನಲ್ಲಿ ಕಲಿತ ಭರತೇಶ ವೈಭವದ ಸಾಂಗತ್ಯವೋ, ಯಾವುದಿದೆಯೋ ಅದನ್ನು ಹೇಳಿಸಿ. ಫೋನನ್ನು ರೆಕಾರ್ಡಿಂಗಿಗೆ ಹಾಕಿ ಮೇಜಿನ ಮೇಲಿಡಿ. ಅವರು ನಡುವೆ ಮರೆತು ತಡವರಿಸಿದರೆ ಮುಂದಿನ ಸಾಲನ್ನು ಎತ್ತಿಕೊಡಲು ಹೋಗದೆ ಸ್ವಲ್ಪ ಹೊತ್ತು ಕಾಯಿರಿ.